ಹದಿನೆಂಟು ನಿಮಿಷದ ಗೆರೆ

ಬಾಬುಮಿಯಾನನ್ನು ಜನ ಬಡಿಯುತ್ತಿರುವ ವಿಡಿಯೋ ಉಮಾದೇವಿಯ ಫೋನಿಗೆ ಬಂದಾಗ ಸಂಜೆ ಐದೂವರೆ. ವಾಡಿಯ ಲಾರಿ ಆಫೀಸಿನಲ್ಲಿ ಅವಳು ಅಂದಿನ ಗಾಡಿಗಳ ದಾಖಲೆ ಮುಗಿಸಿ ಚಹಾ ಕುಡಿಯುತ್ತಿದ್ದಳು. ಮೊದಲಿಗೆ ಅದು ಯಾರೆಂದು ಗೊತ್ತಾಗಲಿಲ್ಲ. ವಯಸ್ಸಾದ ಒಬ್ಬ ಮನುಷ್ಯ ಡಾಂಬರಿನ ಮೇಲೆ ಬೋರಲು ಬಿದ್ದಿದ್ದ. ಬಿಳಿ ಗಡ್ಡ ರಕ್ತದಲ್ಲಿ ತೊಯ್ದಿತ್ತು, ಸುತ್ತ ಬರೀ ಕಾಲುಗಳು. ಒಬ್ಬ ಬಡಿಗೆ ಎತ್ತಿ ಅವನ ಬಲಗೈ ಮೇಲೆ ಹಾಕಿದ. ಕೈ ಮೊಣಕೈಯ ಕೆಳಗೆ, ಬಾಗಬಾರದ ಕಡೆಗೆ ಬಾಗಿತು. ಆಗ ಬಿದ್ದವನು ಮುಖ ಎತ್ತಿ, "ನಾ ನೀರ್ ಕುಡಿಸೀನ್ರೆಪ್ಪಾ, ನಾ ಬರೀ ನೀರ್ ಕುಡಿಸೀನಿ" ಎಂದ. ಆ ದನಿ ಕೇಳಿದ ಮೇಲೆ ಅದು ಬಾಬುಮಿಯಾ ಎಂದು ಅವಳಿಗೆ ಗೊತ್ತಾಯಿತು.

ಬಾಬುಮಿಯಾ ಶಹಾಬಾದಿನವನು, ಇದೇ ಆಫೀಸಿನ ಡ್ರೈವರು. ಮೂವತ್ತು ವರ್ಷದಿಂದ ಸಿಮೆಂಟ್ ಟ್ಯಾಂಕರ್ ಓಡಿಸುತ್ತಿದ್ದಾನೆ, ಇಷ್ಟು ವರ್ಷದಲ್ಲಿ ಒಂದು ಕೋಳಿಯನ್ನೂ ಗಾಲಿಗೆ ಕೊಟ್ಟವನಲ್ಲ. ಉಮಾದೇವಿಯನ್ನು ಬೇಟಿ ಎಂದು ಕರೆಯುತ್ತಿದ್ದ. ರಂಜಾನ್ ಬಂದರೆ ಹೆಂಡತಿ ಅಖ್ತರ ಬೇಗಂ ಮಾಡಿದ ಶೀರಖುರ್ಮಾ ಪಾಯಸವನ್ನು ಸ್ಟೀಲಿನ ಡಬ್ಬಿಯಲ್ಲಿ ತುಂಬಿ ಗಾಡಿಯ ಸೀಟಿನ ಮೇಲಿಟ್ಟುಕೊಂಡು, ಮಗುವನ್ನು ತಂದ ಹಾಗೆ ತರುತ್ತಿದ್ದ. ಅಂಥವನನ್ನು ಹತ್ತು ಹನ್ನೆರಡು ಮಂದಿ ಸೇರಿ ನಾಯಿಗೆ ಹೊಡೆದ ಹಾಗೆ ಹೊಡೆಯುತ್ತಿದ್ದರು. ಹೊಡೆಯದವನೊಬ್ಬ ನಿಂತು ಪುಣ್ಯದ ಕೆಲಸವೆಂಬಂತೆ ವಿಡಿಯೋ ಮಾಡುತ್ತಿದ್ದ.

ನಡೆದದ್ದು ಇಷ್ಟು. ದಂಡೋತಿಗೂ ಚಿತ್ತಾಪುರಕ್ಕೂ ನಡುವೆ ರಸ್ತೆ ಹಳೇ ಫರ್ಸಿಕಲ್ಲಿನ ಖಣಿಗಳ, ಅಂದರೆ ಹಾಸುಗಲ್ಲು ಕಡಿದು ತೆಗೆದ ಗುಂಡಿಗಳ, ಒಳಗೆ ಇಳಿದು ಏಳುತ್ತದೆ. ಅಲ್ಲಿ ಗುಂಡಗುರ್ತಿಯ ಕುರಿಗಾರ ಗೊಲ್ಲಾಳಪ್ಪ ನಡುರಸ್ತೆಯಲ್ಲಿ ಸತ್ತುಬಿದ್ದಿದ್ದ. ಸುತ್ತ ಅವನ ಒಂಬತ್ತು ಕುರಿಗಳು ಕರುಳು ಹೊರಬಂದು ಬಿದ್ದಿದ್ದವು, ಅದರಲ್ಲಿ ಎರಡಕ್ಕೆ ಇನ್ನೂ ಜೀವ ಇತ್ತು. ಗೊಲ್ಲಾಳಪ್ಪನ ತಲೆ ಕಬ್ಬಿಣದ ರಾಡಿನಿಂದ ಒಡೆದಿತ್ತು, ಎದೆಯ ಮೇಲೆ ಗಾಲಿ ಹಾಯ್ದಿತ್ತು. ತೊಗರಿ ರಾಶಿ ಮಾಡುತ್ತಿದ್ದ ಜನ ಹೊಲದಿಂದ ಓಡಿಬಂದಾಗ ಅಲ್ಲಿ ನಿಂತಿದ್ದದ್ದು ಒಂದೇ ಗಾಡಿ, ಬಾಬುಮಿಯಾನದು. ಅವನು ಹೆಣದ ಪಕ್ಕ ಮೊಣಕಾಲೂರಿ ಕುಳಿತಿದ್ದ, ಕೈತುಂಬ ರಕ್ತ. ಆ ಜನರಿಗೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಾಗಲಿಲ್ಲ.

ಮರುದಿನ ಬೆಳಿಗ್ಗೆ ಪಿಎಸ್‌ಐ ರೇವಣಪ್ಪ ಲಾರಿ ಆಫೀಸಿಗೆ ಬಂದ. ಬಾಬುಮಿಯಾ ಕಲಬುರಗಿ ಆಸ್ಪತ್ರೆಯಲ್ಲಿ ಪೊಲೀಸ್ ಕಾವಲಿನಲ್ಲಿದ್ದಾನೆ, ಮೂರು ಪಕ್ಕೆಲುಬು ಮುರಿದಿವೆ, ಕೈಗೆ ಸರಳು ಹಾಕಬೇಕು, ಬದುಕಿ ಎದ್ದರೆ ಕೊಲೆ ಕೇಸು ಎಂದು ಹೇಳಿದ. ಆ ಹೊತ್ತಿನಲ್ಲಿ ಆ ರಸ್ತೆಯ ಮೇಲೆ ಹೋದ ಎಲ್ಲ ಟ್ಯಾಂಕರುಗಳ ದಾಖಲೆ ಬೇಕೆಂದು ಕೇಳಿದ. ಆಫೀಸಿನ ಮ್ಯಾನೇಜರ್ ರಮೇಶಕುಮಾರ ಉಮಾದೇವಿಯ ಕಡೆ ಕೈ ತೋರಿಸಿ, "ಇವ್ರ ಹತ್ರ ನಿಮಿಷ ನಿಮಿಷದ್ದೂ ಅದಾವ್ರಿ. ಯಾವ ಗಾಡಿ ಎಲ್ಲಿ ನಿಂತ್ತು, ಎಲ್ಲಿ ಓಡ್ತು, ಎಲ್ಲಾ" ಎಂದ. ಅವನ ದನಿಯಲ್ಲಿ ಹೆಮ್ಮೆ ಇತ್ತು. ಉಮಾದೇವಿಗೂ ಒಂದಿಷ್ಟು ಹೆಮ್ಮೆಯಾಯಿತು ಎಂಬುದನ್ನು ಮುಚ್ಚಿಡುವುದು ಬೇಡ.

ಅವಳು ಪ್ರಿಂಟ್ ತೆಗೆದುಕೊಟ್ಟಳು. ಆ ಹೊತ್ತಿಗೆ ಅಲ್ಲಿ ಹಾಯ್ದ ಗಾಡಿಗಳು ಎರಡೇ. ಮೊದಲನೆಯದು ಅವಳ ತಮ್ಮ ಕಾಶಪ್ಪನದು. ಅದು ಖಣಿಯ ಪಟ್ಟಿಯಲ್ಲಿ ಗಂಟೆಗೆ ಹದಿನೇಳು ಕಿಲೋಮೀಟರಿನಂತೆ, ಎಲ್ಲೂ ನಿಲ್ಲದೆ, ನಾಲ್ಕು ಗಂಟೆ ಇಪ್ಪತ್ತು ನಿಮಿಷದ ಸುಮಾರಿಗೆ ಆ ಜಾಗ ದಾಟಿ ಹೋಗಿತ್ತು. ಎರಡನೆಯದು ಬಾಬುಮಿಯಾನದು. ಅದು ನಾಲ್ಕು ಮೂವತ್ತೆಂಟಕ್ಕೆ ಅದೇ ಜಾಗದಲ್ಲಿ ಬಂದು ನಿಂತಿತ್ತು; ಹೊಲದ ಜನ ಓಡಿಬಂದದ್ದು ಅದಾಗಿ ಹನ್ನೊಂದು ನಿಮಿಷಕ್ಕೆ.

"ಹನ್ನೊಂದ್ ನಿಮಿಷ ಅಂದ್ರ ಬಡದ ಕೊಲ್ಲಾಕ ಭಾಳ ಆತು" ಎಂದು ರೇವಣಪ್ಪ ಕಾಗದ ಮಡಚಿ ಕಿಸೆಗಿಟ್ಟ. ಕಾಶಪ್ಪನ ಹೆಸರಿನ ಮೇಲೆ ಆಗಲೇ ಅಡ್ಡಗೆರೆ ಎಳೆದಿದ್ದ.

ಉಮಾದೇವಿಗೆ ಬಾಬುಮಿಯಾನ ಬಗ್ಗೆ ಸಂಕಟ, ತಮ್ಮನ ಬಗ್ಗೆ ಸಮಾಧಾನ. ಎರಡೂ ಒಟ್ಟಿಗೇ ಇದ್ದವು. ಮನುಷ್ಯರ ಹೊಟ್ಟೆಯಲ್ಲಿ ಇಂಥವೆಲ್ಲ ಜಗಳವಾಡದೆ ಕೂತಿರುತ್ತವೆ.

ಮೂರನೆಯ ದಿನ ಮಧ್ಯಾಹ್ನ ಗೊಲ್ಲಾಳಪ್ಪನ ಹೆಂಡತಿ ಭೀಮಮ್ಮ ಆಫೀಸಿನ ಮೆಟ್ಟಿಲ ಮೇಲೆ ಬಂದು ಕುಳಿತಳು. ಹಿಂದಿನ ದಿನವಷ್ಟೇ ಗಂಡನನ್ನು ಮಣ್ಣು ಮಾಡಿದ್ದಳು. ಬಳೆ ಇಲ್ಲದ ಕೈಗಳಲ್ಲಿ ಒಡೆದ ಗಾಜಿನ ಗೀರುಗಳಿದ್ದವು. ಒಳಗೆ ಬರ್ರಿ, ಕುಂದ್ರಿ ಎಂದರೆ ಬರಲಿಲ್ಲ. ಉಮಾದೇವಿಯೇ ಹೊರಗೆ ಹೋಗಿ ಪಕ್ಕದಲ್ಲಿ ಕುಳಿತಳು.

"ನೀರ್ ಕುಡಿಸಿದವ ಬ್ಯಾರೆ, ಕೊಂದವ ಬ್ಯಾರೆ" ಎಂದಳು ಭೀಮಮ್ಮ. "ನಾ ದಿಬ್ಬದ ಮ್ಯಾಲಿದ್ದೆ. ಉಳದ ಕುರಿ ಅಲ್ಲಿ ಮೇಯಾಕತ್ತಿದ್ವು. ಗಾಡಿ ಕುರಿ ಮ್ಯಾಲ ಹಾದ್ಹೋತು. ನನ್ನ ಗಂಡ ಓಡಿ ಮುಂದ ಹೋಗಿ ನಿಂತು ಬಡಿಗಿಲೆ ಅದರ ಕನ್ನಡಿ ಒಡದ. ಅವ ಇಳದು ಬಂದು ರಾಡಿಲೆ ಹೊಡದ. ಒಂದಲ್ಲ, ಎರಡಲ್ಲ. ಬಿದ್ದ ಮ್ಯಾಲೂ ಹೊಡದ. ನಾ ಚೀರಾಕತ್ತೀನಿ, ದನಿ ಯಾರಿಗಿ ಕೇಳಬೇಕ. ಅವ ಗಾಡಿ ಹತ್ತಿ ಮುಂದ ಹೋದ. ಹೋದ ಅಂದ್ಕೊಂಡೆ. ಗಾಡಿ ನಿಂತ್ತು. ಹಿಂದಕ್ಕ ಬಂತು, ತಂಗಿ. ಹಿಂದಕ್ಕ ಬಂದು ಅವನ ಎದಿ ಮ್ಯಾಲ ಹತ್ತಿ ನಿಂತ್ತು."

ಅಲ್ಲಿಗೆ ತನ್ನ ಕಣ್ಣು ಕತ್ತಲೆ ಹೋಯಿತು, ಎಚ್ಚರವಾದಾಗ ತನ್ನ ಮಂದಿ ಆ ಮುದುಕನನ್ನು ಬಡಿದು ಮುಗಿಸಿದ್ದರು ಎಂದಳು. ಹೊಡೆದವನು ಈ ಮುದುಕನಲ್ಲ, ಎರಡು ಗಾಡಿ ಬಂದಿದ್ದವು ಎಂದು ಎಲ್ಲರಿಗೂ ಹೇಳಿದಳಂತೆ. ಗಂಡ ಸತ್ತ ದುಃಖಕ್ಕೆ ತಲೆ ನಿಂತಿಲ್ಲ ಎಂದು ಮನೆಯವರು ಅಂದರಂತೆ. ಠಾಣೆಯಲ್ಲಿ ಹೇಳಿದರೆ ರೇವಣಪ್ಪ ಕಾಗದ ತೋರಿಸಿ, ಮೊದಲಿನ ಗಾಡಿ ನಿಂತೇ ಇಲ್ಲ, ಇನ್ನು ಹಿಂದಕ್ಕೆ ಎಲ್ಲಿಂದ ಬರಬೇಕು ಎಂದನಂತೆ. ಆ ಕಾಗದ ಎಲ್ಲಿಂದ ಬಂತೆಂದು ಕೇಳಿಕೊಂಡು ಇಲ್ಲಿಗೆ ಬಂದಿದ್ದಳು.

ಉಮಾದೇವಿ ಒಳಗೆ ಹೋಗಿ ತಮ್ಮನ ಗಾಡಿಯ ಹಾಳೆ ತಂದಳು. ಜಗಳಕ್ಕಲ್ಲ, ಸಮಾಧಾನಕ್ಕೆ. ಓದಲು ಬರದ ಹೆಂಗಸಿಗೆ ಬೆರಳಿಟ್ಟು ತೋರಿಸಿದಳು. "ನೋಡ್ರಿ ಅವ್ವ, ಇದು ನಾಕ್ ಹನ್ನೊಂದು. ಇದು ನಾಕ್ ಹನ್ನೆರಡು. ಒಂದೊಂದ್ ನಿಮಿಷಕ್ಕ ಗಾಡಿ ಎಲ್ಲಿತ್ತು ಅಂತ ಐತಿ."

ಭೀಮಮ್ಮ ಆ ಸಾಲುಗಳನ್ನೇ ನೋಡಿದಳು. ಆಮೇಲೆ ಕೇಳಿದಳು, "ಇದನ್ನ ಯಾರು ನೋಡ್ಯಾರ?"

ಉಮಾದೇವಿ ಮತ್ತೆ ಆ ಸಾಲುಗಳ ಮೇಲೆ ಬೆರಳಿಟ್ಟಳು. ಅದನ್ನು ಯಾರೂ ನೋಡಿರಲಿಲ್ಲ. ಗಾಡಿ ಎಲ್ಲಿದೆ ಎಂದು ಆಫೀಸಿಗೆ ಕಳಿಸುವ ಜಿಪಿಎಸ್ ಪೆಟ್ಟಿಗೆಯೂ ನೋಡಿರಲಿಲ್ಲ. ಅದು ನೆನಪಾದದ್ದು ಅವಳಿಗೆ ಆಗಲೇ.

ಖಣಿಯ ಪಟ್ಟಿಯಲ್ಲಿ ನೆಟ್‌ವರ್ಕ್ ಸಾಯುತ್ತದೆ. ಹೊಸ ಗಾಡಿಗಳ ಪೆಟ್ಟಿಗೆಗೆ ನೆನಪಿನ ಶಕ್ತಿ ಇದೆ, ಮೇಲೆ ಬಂದಕೂಡಲೇ ಎಲ್ಲ ಒಪ್ಪಿಸುತ್ತದೆ. ಬಾಬುಮಿಯಾನದು ಅಂಥದು. ಹಳೇ ಗಾಡಿಗಳ ಅಗ್ಗದ ಪೆಟ್ಟಿಗೆ ನೆಟ್‌ವರ್ಕ್ ಇಲ್ಲದ ಹೊತ್ತನ್ನು ಮರೆತೇಬಿಡುತ್ತದೆ. ಕಾಶಪ್ಪನದು ಅಂಥದು. ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯವರಿಗೆ ಹೀಗೆ ನಡುವೆ ಖಾಲಿ ಜಾಗ ಕಂಡರೆ ಸಾಕು, ಡ್ರೈವರ್ ಡೀಸೆಲ್ ಕದಿಯಲು ಪೆಟ್ಟಿಗೆ ಬಂದ್ ಮಾಡಿದ ಎಂದು ಮೂರು ದಿನ ಮನೆಗೆ ಕಳಿಸುತ್ತಿದ್ದರು. ನೆಟ್‌ವರ್ಕ್ ಇಲ್ಲರೀ ಸಾಹೇಬರೇ ಎಂದು ಡ್ರೈವರುಗಳು ಕೈಮುಗಿದು ಹೇಳಿದರೂ ಕೇಳುವವರಿಲ್ಲ. ಅದನ್ನು ನೋಡಲಾಗದೆ ಎರಡೂವರೆ ವರ್ಷದ ಹಿಂದೆ ಉಮಾದೇವಿ ಒಂದು ಉಪಾಯ ಮಾಡಿದಳು.

ಅವಳು ಚಿಂಚೋಳಿಯವಳು, ಗಣಿತದಲ್ಲಿ ಎಂ.ಎಸ್ಸಿ. ಕಂಪ್ಯೂಟರಿನ ಗಣಿತದ ಲೈಬ್ರರಿಯಲ್ಲಿ, ಅಂದರೆ ಸಿದ್ಧ ಲೆಕ್ಕಗಳ ಸಂಗ್ರಹದಲ್ಲಿ, ಇಂಟರ್ಪೋಲೇಶನ್ ಎಂಬ ವಿದ್ಯೆ ಇದೆ ಎಂದು ಗೊತ್ತಿತ್ತು. ಗೊತ್ತಿರುವ ಎರಡು ಬಿಂದುಗಳನ್ನು ಕೊಟ್ಟರೆ ನಡುವಿನ ಗೊತ್ತಿಲ್ಲದ ಬಿಂದುಗಳನ್ನು ಅದು ತುಂಬಿಕೊಡುತ್ತದೆ. ಅದರಲ್ಲಿ ನಾನಾ ವಿಧಾನಗಳು. ತೀರಾ ಸರಳವಾದದ್ದಕ್ಕೆ ಲೀನಿಯರ್ ಎಂದು ಹೆಸರು, ಎರಡು ಗೂಟಗಳ ನಡುವೆ ಹಗ್ಗ ಬಿಗಿದ ಹಾಗೆ ನೆಟ್ಟಗೆ ಗೆರೆ ಎಳೆಯುತ್ತದೆ. ಉಮಾದೇವಿ ಆ ಒಂದು ಸಾಲನ್ನು ತನ್ನ ಪ್ರೋಗ್ರಾಮಿನಲ್ಲಿ ಸೇರಿಸಿದಳು. ಖಾಲಿ ಜಾಗಗಳೆಲ್ಲ ತುಂಬಿದವು. ಮೊದಮೊದಲು ತುಂಬಿದ ಸಾಲುಗಳ ಮುಂದೆ ಒಂದು ಚುಕ್ಕೆಯ ಗುರುತು ಬರುವಂತೆ ಮಾಡಿದ್ದಳು. ಇದೇನು ಚುಕ್ಕೆ ಎಂದು ಕಾರ್ಖಾನೆಯವರು ಕೇಳಿದರು. ಚುಕ್ಕೆ ತೆಗೆದಳು. ಡ್ರೈವರುಗಳ ಪಾಲಿಗೆ ದೇವರಾದಳು. ಕೊನೆಗೆ ಆ ಸಾಲು ಅಲ್ಲಿದೆ ಎಂಬುದನ್ನೂ ಮರೆತಳು. ಒಳ್ಳೆಯ ಕೆಲಸ ಮಾಡಿದವರು ಆಮೇಲೆ ಆ ಕಡೆ ತಿರುಗಿ ನೋಡುವುದು ಕಡಿಮೆ.

ಭೀಮಮ್ಮನನ್ನು ಮೆಟ್ಟಿಲ ಮೇಲೇ ಬಿಟ್ಟು ಉಮಾದೇವಿ ಒಳಗೆ ಹೋದಳು. ಪೆಟ್ಟಿಗೆ ಕಳಿಸಿದ ಮೂಲ ಫೈಲು ತೆಗೆದಳು. ನಾಲ್ಕು ಹನ್ನೊಂದಕ್ಕೆ ಒಂದು ಸಾಲು. ಅದರ ಕೆಳಗೆ ನಾಲ್ಕು ಇಪ್ಪತ್ತೊಂಬತ್ತು. ನಡುವಿನ ಹದಿನೇಳು ಸಾಲುಗಳನ್ನು ಅವಳ ಪ್ರೋಗ್ರಾಮು ಬರೆದಿತ್ತು. ಹದಿನೆಂಟು ನಿಮಿಷದಲ್ಲಿ ಐದು ಕಿಲೋಮೀಟರ್. ಹಿಂದಿನ ತಿಂಗಳ ಫೈಲುಗಳನ್ನು ನೋಡಿದಳು. ಇದೇ ಐದು ಕಿಲೋಮೀಟರಿಗೆ ಕಾಶಪ್ಪ ಒಂದು ದಿನವೂ ಏಳು ನಿಮಿಷಕ್ಕಿಂತ ಹೆಚ್ಚು ತೆಗೆದುಕೊಂಡಿರಲಿಲ್ಲ.

ಮೂಲ ಫೈಲಿನಲ್ಲಿ ವೇಗವೂ ಇರುತ್ತದೆ. ಖಣಿಗೆ ಇಳಿಯುವಾಗ ಗಾಡಿಯ ವೇಗ ಐವತ್ತೆಂಟು, ಏರಿ ಹೊರಗೆ ಬರುವಾಗ ಅರವತ್ತೆರಡು. ಲೀನಿಯರ್ ಗೆರೆ ಇದನ್ನು ಕೇಳುವುದಿಲ್ಲ. ಐವತ್ತೆಂಟರಲ್ಲಿ ಬಂದ ಗಾಡಿ ತಟ್ಟನೆ ಹದಿನೇಳಾಗಿ, ಸಾಧು ಎತ್ತಿನಂತೆ ನಡೆದು, ಮತ್ತೆ ತಟ್ಟನೆ ಅರವತ್ತೆರಡಾಯಿತು ಎಂದು ಕಣ್ಣು ಮಿಟುಕಿಸದೆ ಹೇಳುತ್ತದೆ. ಲೈಬ್ರರಿಯಲ್ಲಿ ಹರ್ಮಿಟ್ ಎಂಬ ಇನ್ನೊಂದು ವಿಧಾನ ಇದೆ. ಅದಕ್ಕೆ ಎರಡು ತುದಿಯ ಜಾಗವೂ ಬೇಕು, ಎರಡು ತುದಿಯ ವೇಗವೂ ಬೇಕು. ಎರಡಕ್ಕೂ ಒಪ್ಪುವ ಹಾಗೆ ನಡುವೆ ಬಾಗಿದ ಗೆರೆ ಎಳೆಯುತ್ತದೆ. ಉಮಾದೇವಿ ನಾಲ್ಕೂ ಅಂಕಿ ಕೊಟ್ಟು ಅದನ್ನು ಓಡಿಸಿದಳು.

ಪರದೆಯ ಮೇಲೆ ಗೆರೆ ಮೇಲೇರಿತು, ನಿಧಾನವಾಯಿತು, ನಿಂತಿತು. ಆಮೇಲೆ ಕೆಳಗಿಳಿಯಿತು. ಸುಮಾರು ಐದು ನಿಮಿಷ ಕೆಳಗಿಳಿದು ಮತ್ತೆ ಮೇಲೆದ್ದು ಹೋಯಿತು. ಆ ಚಿತ್ರದಲ್ಲಿ ಗೆರೆ ಕೆಳಗಿಳಿಯಿತು ಎಂದರೆ ಗಾಡಿ ಹಿಂದಕ್ಕೆ ಬಂತು ಎಂದರ್ಥ.

ಇದೂ ಯಾರೂ ನೋಡಿದ ಗೆರೆಯಲ್ಲ, ಇದೂ ಊಹೆಯೇ, ಅಷ್ಟು ಗಣಿತ ಅವಳಿಗೆ ಗೊತ್ತಿತ್ತು. ಆದರೆ ಮೆಟ್ಟಿಲ ಮೇಲೆ ನೋಡಿದವಳು ಕುಳಿತಿದ್ದಳು. ಅವಳು ಕಂಪ್ಯೂಟರನ್ನು ಕೇಳಿ ಹೇಳಿದವಳಲ್ಲ, ಕಂಪ್ಯೂಟರು ಅವಳನ್ನು ಕೇಳಿ ಬರೆದದ್ದಲ್ಲ.

ಉಮಾದೇವಿ ನೆಟ್ಟಗೆ ಠಾಣೆಗೆ ಹೋಗಬೇಕಿತ್ತು. ಅವಳು ಮನೆಗೆ ಹೋದಳು. ಅವ್ವ ಸತ್ತಾಗ ಕಾಶಪ್ಪನಿಗೆ ಒಂಬತ್ತು ವರ್ಷ, ಇವಳಿಗೆ ಹದಿನಾರು. ಇವಳೇ ಉಣ್ಣಿಸಿ ಬೆಳೆಸಿದ್ದಳು. ಸಿಟ್ಟು ಬಂದರೆ ಎದುರಿಗೆ ಯಾರಿದ್ದಾರೆ ಎಂದು ನೋಡುವ ಹುಡುಗ ಅಲ್ಲ. ಶಾಲೆಯಲ್ಲಿ ಒಬ್ಬನ ಹಲ್ಲು ಉದುರಿಸಿ ಬಂದಾಗ ಆ ಹುಡುಗನೇ ಗಿಡದಿಂದ ಬಿದ್ದ ಎಂದು ಹೆಡ್‌ಮಾಸ್ತರರಿಗೆ ಹೇಳಿದ್ದು ಇವಳು. ಒಬ್ಬ ಕ್ಲೀನರನ ಕಿವಿ ಹರಿದು ರಕ್ತ ಬರುವ ಹಾಗೆ ಹೊಡೆದಾಗ ರಮೇಶಕುಮಾರನ ಕಾಲು ಹಿಡಿದು ನೌಕರಿ ಉಳಿಸಿದ್ದೂ ಇವಳೇ. ಅವನ ಬಾಯಿಂದಲೇ ಒಂದು ಮಾತು ಕೇಳಬೇಕೆಂದು ಅವಳಿಗಿತ್ತು. ನಿಂತಿದ್ದೆ, ಊಟ ಮಾಡಿದೆ, ಗಾಲಿ ಪಂಕ್ಚರ್ ಆಗಿತ್ತು, ಏನಾದರೂ ಸರಿ. ಅವಳು ನಂಬಲು ತಯಾರಿದ್ದಳು.

ಕಾಶಪ್ಪ ಹೊರಸಿನ ಮೇಲೆ ಒರಗಿ ಫೋನ್ ನೋಡುತ್ತಿದ್ದ. "ನಾಕ್ ಹನ್ನೊಂದರಿಂದ ನಾಕ್ ಇಪ್ಪತ್ತೊಂಬತ್ತರ ತನಕ ಎಲ್ಲಿದ್ದಿ?" ಎಂದು ಕೇಳಿದಳು.

"ರಸ್ತ್ಯಾಗ" ಎಂದು ನಕ್ಕ. "ನಿನ್ನ ಕಾಗದದಾಗೇ ಐತೆಲ್ಲ."

"ಕಾಗದ ನಾ ತುಂಬಿದ್ದು. ಗಾಡಿ ಕನ್ನಡಿ ಯಾವಾಗ ಹಾಕ್ಸಿದಿ?"

ಅವನು ಫೋನ್ ಕೆಳಗಿಟ್ಟ. ಎದ್ದು ಬಂದದ್ದನ್ನು ಅವಳು ನೋಡಲೇ ಇಲ್ಲ, ಕೆನ್ನೆಗೆ ಬಿದ್ದ ಏಟು ಮಾತ್ರ ಗೊತ್ತಾಯಿತು. ಕೂದಲು ಹಿಡಿದು ತಲೆಯನ್ನು ಬಾಗಿಲ ಚೌಕಟ್ಟಿಗೆ ಬಡಿದ. ಒಂದು ಸಲ, ಎರಡು ಸಲ. ಬಾಯೊಳಗೆ ಹಲ್ಲೊಂದು ಅಲುಗಾಡಿ ನಾಲಗೆಗೆ ಉಪ್ಪು ಹತ್ತಿತು. ಅವಳ ಚೀಲದಿಂದ ಲ್ಯಾಪ್‌ಟಾಪ್ ಕಿತ್ತು ನೆಲದ ಫರ್ಸಿಗೆ ಅಪ್ಪಳಿಸಿ, ಮೂಲೆಯಲ್ಲಿದ್ದ ಟೈರ್ ಬಿಚ್ಚುವ ರಾಡಿನಿಂದ ಅದನ್ನು ಕುಟ್ಟತೊಡಗಿದ. ಕೀಲಿಗಳು ಹುರಿದ ಜೋಳದಂತೆ ಸಿಡಿದವು. ಆ ರಾಡನ್ನೇ ಅವಳು ನೋಡುತ್ತಿದ್ದಳು. ಸ್ವಚ್ಛ ತೊಳೆದಿತ್ತು.

"ಸಾಯ್ಲಿ ಅಂತ ಹೊಡೀಲಿಲ್ಲ ನಾ" ಎಂದ ಏದುಸಿರಿನಲ್ಲಿ. "ನಾಕ್ ಮಂದಿ ಮುಂದ ಬೈದಂಗ ಬೈದ, ಕುರಿ ಮುಂದ. ಕನ್ನಡಿ ಒಡದ. ಸಿಟ್ಟ ಬಂತು, ಹಾಕಿದೆ. ಹೊಂಟಿದ್ದೆ ಅಕ್ಕ, ಖರೆ ಹೊಂಟಿದ್ದೆ. ಉಳದ ಕನ್ನಡ್ಯಾಗ ಹಿಂದ ನೋಡ್ತೀನಿ, ಅವ ಎದ್ದು ಕುಂತಾನ. ನಂಬರ್ ನೋಡಾಕತ್ತಾನ. ಬದುಕಿದ್ರ ಹೇಳ್ತಿದ್ದಿಲ್ಲೇನು?"

ಇಷ್ಟು ಹೇಳಿ ಅಳತೊಡಗಿದ. ಸಣ್ಣವನಿದ್ದಾಗ ಅಳುತ್ತಿದ್ದ ಹಾಗೆಯೇ, ಮೂಗನ್ನು ತೋಳಿಗೆ ಒರೆಸಿಕೊಳ್ಳುತ್ತ. ಅವಳ ಮೊಣಕಾಲಿಗೆ ಹಣೆ ಹಚ್ಚಿ ಕುಳಿತ. ಉಮಾದೇವಿಯ ಕೈ ತಾನಾಗಿಯೇ ಅವನ ತಲೆಯ ಮೇಲೆ ಹೋಯಿತು. ಪ್ರೀತಿ ಹೋಗಿರಲಿಲ್ಲ, ಅದೇ ಅವಳಿಗೆ ಅಸಹ್ಯವಾಯಿತು.

"ಆ ಮುದುಕ ಸಾಯಾಕತ್ತಾನ ಕಾಶಿ" ಎಂದಳು.

"ಅವಗ ವಯಸ್ಸಾಗ್ಯದ" ಎಂದ ಕಾಶಪ್ಪ.

ಉಮಾದೇವಿ ಕೈ ಎತ್ತಿದಳು. ಮುಖ ತೊಳೆದುಕೊಂಡು ಬರುತ್ತೇನೆ ಎಂದು ಹಿತ್ತಿಲ ಬಾಗಿಲಿನಿಂದ ಹೊರಗೆ ಬಂದಳು. ಮುಖ ತೊಳೆಯಲಿಲ್ಲ. ಬಸ್ ನಿಲ್ದಾಣದವರೆಗೆ ಓಡಿದಳು. ಬಸ್ಸಿನಲ್ಲಿ ಪಕ್ಕದ ಹೆಂಗಸು ಅವಳ ರಕ್ತ ನೋಡಿ, ಗಂಡನೇನು ಎಂದು ಕೇಳಿದಳು. ತಮ್ಮ ಎಂದಳು ಉಮಾದೇವಿ. ಆ ಹೆಂಗಸು ಸೆರಗು ನೀರಲ್ಲಿ ಅದ್ದಿ ಒರೆಸಿದಳು, ಮತ್ತೇನೂ ಕೇಳಲಿಲ್ಲ.

ಠಾಣೆಯಲ್ಲಿ ರೇವಣಪ್ಪ ಮೊದಲು ಅವಳ ತುಟಿ ನೋಡಿ ಡಾಕ್ಟರನ್ನು ಕರೆಸುತ್ತೇನೆ ಎಂದ. ಅವಳು ಬೇಡ, ಕಂಪ್ಯೂಟರ್ ಕೊಡಿ ಎಂದಳು. ತಮ್ಮ ಹೇಳಿದ್ದನ್ನೆಲ್ಲ ಹೇಳಿದಳು. ಕಾಶಪ್ಪ ಲ್ಯಾಪ್‌ಟಾಪ್ ಕುಟ್ಟಿದ್ದು ವ್ಯರ್ಥ ಶ್ರಮ. ಮೂಲ ಫೈಲುಗಳು ಅದರಲ್ಲಿರಲಿಲ್ಲ, ಆಫೀಸಿನ ಸರ್ವರಿನಲ್ಲಿದ್ದವು. ಠಾಣೆಯ ಕಂಪ್ಯೂಟರಿನ ಮುಂದೆ ಕುಳಿತು ಅವಳು ಅವನ್ನು ತೆಗೆದಳು. ಮೊದಲು ಹಗ್ಗದಂಥ ಗೆರೆ ತೋರಿಸಿದಳು, ಆಮೇಲೆ ಖಾಲಿ ಜಾಗ ತೋರಿಸಿದಳು, ಆಮೇಲೆ ಬಾಗಿದ ಗೆರೆ.

ರೇವಣಪ್ಪ ಮೂರನ್ನೂ ನೋಡಿದ. "ಇದ ಕೋರ್ಟಿನಾಗ ನಿಂದ್ರಂಗಿಲ್ಲ" ಎಂದ. "ನಾಳಿ ಅವ ನಾ ಹಂಗ ಅಂದೇ ಇಲ್ಲ ಅಂದ್ರ, ನಿಮ್ಮ ಮಾತು ಒಂದ ಉಳೀತದ. ನೀವರೆ ಅವನ ಅಕ್ಕ. ಮೊದಲ ಕೊಟ್ಟ ಕಾಗದ ಸುಳ್ಳು, ಇದು ಖರೆ ಅಂತ ಹ್ಯಾಂಗ ನಂಬಲಿ?"

"ಇದೂ ನಂಬಬ್ಯಾಡ್ರಿ. ಭೀಮಮ್ಮನ್ನ ನಂಬ್ರಿ" ಎಂದಳು ಉಮಾದೇವಿ. "ಆಕಿ ಗಾಡಿ ಹಿಂದಕ್ಕ ಬಂತು ಅಂದಾಳ. ನೀವು ಯಾರ ಗಾಡೀದು ಯಾವ ಗಾಲಿ ನೋಡೀರಿ?"

ರೇವಣಪ್ಪನ ಮುಖ ಕಪ್ಪಾಯಿತು. ಬಾಬುಮಿಯಾನ ಗಾಡಿಯ ಮುಂದಿನ ಗಾಲಿಗಳನ್ನು ನೋಡಿದ್ದರು. ರಕ್ತ ಇರಲಿಲ್ಲ, ಕೈಯಲ್ಲಿದ್ದ ನೀರಿನ ಬಾಟಲಿಯಿಂದ ತೊಳೆದಿದ್ದಾನೆ ಎಂದು ಬರೆದುಕೊಂಡಿದ್ದರು. ಹದಿನೆಂಟು ಗಾಲಿಯ ಗಾಡಿಯನ್ನು ಒಂದು ಲೀಟರ್ ಬಾಟಲಿಯಿಂದ ತೊಳೆಯುವ ಮನುಷ್ಯ ಇನ್ನೂ ಹುಟ್ಟಿಲ್ಲ. ಕಾಶಪ್ಪನ ಗಾಡಿಯ ಹತ್ತಿರ ಯಾರೂ ಹೋಗಿರಲೇ ಇಲ್ಲ, ಕಾಗದ ಬೇಡವೆಂದಿತ್ತು.

ವಾಡಿಯ ಗಾಡಿಗಳ ಅಂಗಳಕ್ಕೆ ಜೀಪು ಹೋದಾಗ ಬಿಸಿಲು ಇನ್ನೂ ಇತ್ತು. ಕಾಶಪ್ಪ ಅಕ್ಕನನ್ನು ಹುಡುಕಿ ಆಫೀಸಿಗೆ ಬಂದಿದ್ದ. ಪೊಲೀಸರನ್ನು ಕಂಡು ಗಾಡಿ ಹತ್ತಲು ಓಡಿದ. ಒಬ್ಬ ಪೇದೆ ಕಾಲು ಹಿಡಿದು ಎಳೆದರೆ ಕಾಶಪ್ಪ ಆ ಪೇದೆಯ ಮೂಗಿಗೆ ಬೂಟಿನಿಂದ ಒದ್ದ, ಮೂಗು ಚಪ್ಪಟೆಯಾಗಿ ರಕ್ತ ಚಿಮ್ಮಿತು. ನಾಲ್ವರು ಬಿದ್ದು ಕಾಶಪ್ಪನನ್ನು ಮಣ್ಣಿಗೆ ಒತ್ತಿ ಕೈ ಹಿಂದಕ್ಕೆ ತಿರುಚಿದರು. ಭುಜ ಕಳಚಿದ ಸದ್ದು ಉಮಾದೇವಿಗೂ ಕೇಳಿಸಿತು. ಭೀಮಮ್ಮ ಇನ್ನೂ ಆಫೀಸಿನ ಮೆಟ್ಟಿಲ ಮೇಲೇ ಇದ್ದಳು. ಎದ್ದು ನಿಂತು ನೋಡಿದಳು.

ಪೊಲೀಸರು ಗಾಡಿಯ ಹಿಂದಿನ ಜೋಡಿ ಗಾಲಿಗಳನ್ನು ಬಿಚ್ಚಿಸಿದರು. ಕಾಶಪ್ಪ ದಂಡೋತಿಯ ಹೊಳೆಯಿಂದ ನೀರು ತಂದು ಎಲ್ಲವನ್ನೂ ತೊಳೆದಿದ್ದ. ಆದರೆ ಎರಡು ಟೈರುಗಳ ನಡುವೆ ನೀರು ಹೋಗಿರಲಿಲ್ಲ. ಕುರಿಗಾರರು ಹೆಗಲಿಗೆ ಹಾಕುವ ಕರಿ ಕಂಬಳಿಯ ಒಂದು ಗೇಣು ತುಂಡು ಅಲ್ಲಿ ಸಿಕ್ಕಿಕೊಂಡಿತ್ತು. ಅದರೊಂದಿಗೆ ಒಣಗಿದ ಮಾಂಸ, ನರೆತ ಕೂದಲು. ಮೆಕ್ಯಾನಿಕ್ ಅದನ್ನು ಇಕ್ಕಳದಿಂದ ಎಳೆದು ತೆಗೆದು, ದೂರ ಹೋಗಿ ವಾಂತಿ ಮಾಡಿದ. ಭೀಮಮ್ಮ ಕಂಬಳಿಯನ್ನು ಗುರುತಿಸಿದಳು. ಅಂಚು ತಾನೇ ಹೊಲಿದದ್ದು ಎಂದಳು. ಅಳಲಿಲ್ಲ. ನಡೆದು ಹೋಗಿ ಕಾಶಪ್ಪನ ಮುಖಕ್ಕೆ ಎರಡೂ ಕೈಯಿಂದ ಹೊಡೆದಳು, ಹೊಡೆಯುತ್ತಲೇ ಇದ್ದಳು. ರೇವಣಪ್ಪ ಸ್ವಲ್ಪ ಹೊತ್ತು ಬೇರೆ ಕಡೆ ನೋಡುತ್ತ ನಿಂತ.

ಜೀಪಿಗೆ ಹತ್ತಿಸುವಾಗ ಕಾಶಪ್ಪ ಅಕ್ಕನ ಕಡೆ ತಿರುಗಿದ. "ಎಲ್ಲಾರದೂ ತುಂಬಿದಿ" ಎಂದ. "ನಂದ ಒಂದ ಖಾಲಿ ಬಿಟ್ಟಿ."

ಉಮಾದೇವಿ ಅಂದೇ ರಮೇಶಕುಮಾರನ ಮುಂದೆ ಎರಡೂವರೆ ವರ್ಷದ ದಾಖಲೆಯಲ್ಲಿ ತಾನು ತುಂಬಿದ್ದೆಷ್ಟು, ಕಂಡದ್ದೆಷ್ಟು ಎಂದು ಹೇಳಿ, ನೌಕರಿ ಬಿಟ್ಟು ಚೀಲ ತೆಗೆದುಕೊಂಡು ಹೊರಬಿದ್ದಳು. ಅವನು ತಡೆಯಲಿಲ್ಲ.

ಹತ್ತು ದಿನಗಳ ಮೇಲೆ ಕಲಬುರಗಿ ಆಸ್ಪತ್ರೆಗೆ ಹೋದಳು. ಬಾಬುಮಿಯಾನ ಮಂಚದ ಪಕ್ಕದ ಪೊಲೀಸ್ ಕಾವಲು ತೆಗೆದಿದ್ದರು. ಕೈಯೊಳಗೆ ಸರಳು, ಎದೆಗೆ ಪಟ್ಟಿ, ಒಂದು ಕಣ್ಣು ಇನ್ನೂ ಮುಚ್ಚಿತ್ತು. ಅಖ್ತರ ಬೇಗಂ ಚಮಚದಿಂದ ಗಂಜಿ ಕುಡಿಸುತ್ತಿದ್ದಳು. ಉಮಾದೇವಿಯನ್ನು ಕಂಡು ಸ್ಟೂಲು ಬಿಟ್ಟುಕೊಟ್ಟಳು.

ಉಮಾದೇವಿ ಎಲ್ಲ ಹೇಳಿದಳು. ಗೆರೆ ಎಳೆದದ್ದು, ಚುಕ್ಕೆ ತೆಗೆದದ್ದು, ಪ್ರಿಂಟ್ ಕೊಟ್ಟದ್ದು. ಹೇಳುತ್ತ ಅತ್ತಳು. ಬಾಬುಮಿಯಾ ಕೇಳಿಸಿಕೊಂಡ. ಬೈಯಲಿಲ್ಲ. ಎಡಗೈ ಎತ್ತಿ ಅವಳ ತಲೆ ಮುಟ್ಟಿದ.

"ನೀ ಬಂದು ಖರೆ ಹೇಳಿದಿ ಬೇಟಿ, ಇಲ್ಲಾಂದ್ರ ನಾ ಜೇಲಿನಾಗ ಸಾಯ್ತಿದ್ದೆ" ಎಂದ. ಉಸಿರಿಗಾಗಿ ಸ್ವಲ್ಪ ನಿಂತ. "ಕೈ ಕೂಡ್ತದಂತ, ಡಾಕ್ಟರ್ ಅಂದಾರ. ಗಾಡಿ ಹತ್ತೀನಿ. ಹತ್ತದ ಉಪಾಯಿಲ್ಲ."

"ಹೌದ್ರಿ ಚಾಚಾ, ಹತ್ರಿ" ಎಂದಳು ಉಮಾದೇವಿ.

"ಆ ಕುರಿಗಾರಗ ಇನ್ನಾ ಜೀವ ಇತ್ತು ನಾ ಹೋದಾಗ. ನೀರ ಕೇಳ್ದ. ಎರಡ ಗುಟುಕ ಕುಡದ" ಎಂದ ಬಾಬುಮಿಯಾ. ತೆರೆದ ಒಂದು ಕಣ್ಣಿನಿಂದ ಅವಳನ್ನು ನೋಡಿದ. "ಇನ್ನ ನಾ ಗಾಡಿ ನಿಂದ್ರಸಂಗಿಲ್ಲ ಬೇಟಿ. ರಸ್ತ್ಯಾಗ ಯಾರರೆ ಬಿದ್ದಿರ್ಲಿ, ಕೈ ಮಾಡಿ ಕರೀಲಿ. ನಾ ನಿಂದ್ರಸಂಗಿಲ್ಲ."

ಅಖ್ತರ ಬೇಗಂ ಗಂಡನ ಗಡ್ಡಕ್ಕೆ ಹತ್ತಿದ ಗಂಜಿ ಒರೆಸಿ, ಮತ್ತೊಂದು ಚಮಚ ಅವನ ಬಾಯಿಗಿಟ್ಟಳು.